ಊರಿನ ಹಲಗಿ, ಶಹರದ ಹಿತ್ತಾಳಿ

ಸಂಗೀತದ ಚರಿತ್ರೆ ಅಂತ ಸಾಲಿಯೊಳಗೆ ನಮಗೆ ಕಲಿಸಿದ್ದು ಕುಳಿತು ಹಾಡಿದವರ ಚರಿತ್ರೆ. ಘರಾಣೆ, ದರಬಾರು, ಸಭಾಭವನ. ನಿಂತು, ನಡೆದು, ಬೆವರು ಸುರಿಸಿ ಬಾರಿಸಿದವರಿಗೆ ಅದರಲ್ಲಿ ಒಂದು ಪುಟವೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಬ್ಯಾಂಡ್ ಬಾಜಾ ಇಲ್ಲದ ಲಗ್ನ ಲಗ್ನವೇ ಅಲ್ಲ ಅನ್ನುವ ಕಾಲವಿತ್ತು. ಅದನ್ನು ಊದಿದವರು ಯಾರು? ಆ ಹಿತ್ತಾಳಿ ಎಲ್ಲಿಂದ ಬಂತು? ಅದರೊಳಗಿಂದ ಹೊರಟ ಶಹರದ ಹಾಡು ನಮ್ಮ ಕೇರಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ? ಈ ಲೆಕ್ಕ ಹಾಕದೆ ಸಂಸ್ಕೃತಿಯ ಮಾತಾಡುವುದು ಬರೀ ಭಾಷಣ.

ಮೊದಲು ಹಲಗಿಯ ಮಾತು. ಹಲಗಿ ಬಾರಿಸುವುದನ್ನು ಊರು ಕಲೆ ಅಂತ ಕರೆದಿರಲಿಲ್ಲ, ಚಾಕರಿ ಅಂತ ಕರೆದಿತ್ತು. ಡಂಗುರಕ್ಕೆ, ಜಾತ್ರೆಗೆ, ಹೆಣದ ಮುಂದೆ ಹೋಗಿ ಬಾರಿಸಲೇಬೇಕು. ಕೂಲಿ ಕೇಳುವಂತಿಲ್ಲ, ಒಲ್ಲೆ ಅನ್ನುವಂತಿಲ್ಲ. ಸುಗ್ಗಿ ಬಂದಾಗ ಕಣದ ಅಂಚಿಗೆ ನಿಂತು ಆಯ ಬೇಡಬೇಕು. ೧೯೫೬ರವರೆಗೆ ನಮ್ಮ ಈ ಸೀಮೆ ಮುಂಬಯಿ ಸರಕಾರದ ಕೈಯಲ್ಲಿತ್ತು. ೧೮೭೪ರ ಮುಂಬಯಿ ವತನ ಕಾಯಿದೆ ಊರ ಚಾಕರಿಗೆ ವಂಶಪರಂಪರೆಯ ಮುದ್ರೆ ಒತ್ತಿತ್ತು. ಮಹಾರ ವತನದ ಈ ಸಂಕೋಲೆ ಕಡಿಯಲು ಬಾಬಾಸಾಹೇಬರು ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ತಂದರು. ೧೯೨೯ರಲ್ಲಿ ಅದನ್ನು ಹಿಂದಕ್ಕೆ ತಗೊಳ್ಳಬೇಕಾಯಿತು. ನಮ್ಮ ರಾಜ್ಯದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆದದ್ದು ೧೯೬೧ರಲ್ಲಿ, ಜಾರಿಗೆ ಬಂದದ್ದು ೧೯೬೩ರಲ್ಲಿ. ಕಾಗದದ ಮೇಲೆ ವತನ ಸತ್ತಿತು. ಊರಿನ ಬಾಯಲ್ಲಿ ಮಾತ್ರ 'ಏ, ಹಲಗಿ ತಗೊಂಡು ಬಾ' ಅನ್ನುವ ಮಾತು ಸಾಯಲಿಲ್ಲ.

ಇನ್ನು ಹಿತ್ತಾಳಿ. ಅದು ಬೆಳೆದ ನಾಡನ್ನು ಒಮ್ಮೆ ನೋಡಬೇಕು. ಇಂಗ್ಲೆಂಡಿನಲ್ಲಿ ಹಿತ್ತಾಳಿ ಬ್ಯಾಂಡು ಗಿರಣಿ ಕಾರ್ಮಿಕರದು, ಕಲ್ಲಿದ್ದಲ ಗಣಿಯವರದು. ಯಾರ್ಕ್‌ಶೈರಿನ ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡು ೧೮೫೫ರಲ್ಲಿ ಕಟ್ಟಿದ್ದು. ಕಾರ್ಮಿಕರ ಗಮನ ಸಂಪಿನ ಕಡೆ ಹೋಗದಿರಲಿ ಅಂತ ಮಾಲೀಕರು ವಾದ್ಯ ಕೊಡಿಸಿದ್ದೂ ಇರಬಹುದು. ಆದರೂ ಅಲ್ಲಿ ಗಿರಣಿ ಆಳು ಕುರ್ಚಿಯ ಮೇಲೆ ಕುಳಿತು ನುಡಿಸಿದ, ಜನ ಎದುರಿಗೆ ಕುಳಿತು ಕೇಳಿದರು. ಅಂಥ ಬ್ಯಾಂಡುಗಳ ರಾಷ್ಟ್ರೀಯ ಪಂದ್ಯಕ್ಕಾಗಿ ೧೯೩೪ರಲ್ಲಿ ಜಾನ್ ಐರ್ಲೆಂಡ್ ಎಂಬ ಸಂಗೀತಗಾರ ಲಂಡನ್ ಶಹರದಿಂದ ಪ್ರೇರಣೆ ಪಡೆದು ಒಂದು ಕೃತಿ ರಚಿಸಿದ. ಅದರ ಬೀಜ ಯಾವುದು ಗೊತ್ತೆ? 'ಪಿಕಡಿಲಿ' ಅಂತ ಸ್ಟಾಪಿನ ಹೆಸರು ಕೂಗುವ ಬಸ್ ಕಂಡಕ್ಟರನ ದನಿ! ದುಡಿಯುವವನ ಕೂಗು ದುಡಿಯುವವರ ಬಾಯಿಂದಲೇ ಸಭೆಯೊಳಗೆ ಸಂಗೀತವಾಯಿತು.

ನಮ್ಮಲ್ಲಿಗೆ ಅದೇ ಹಿತ್ತಾಳಿ ಬೇರೆ ದಾರಿಯಿಂದ ಬಂತು. ಅದು ದಂಡಿನ ಜತೆ ಬಂತು. ಕಲಾದಗಿಯಲ್ಲಿ, ಸೋಲಾಪುರದಲ್ಲಿ ಬ್ರಿಟಿಷರ ದಂಡು ಇಳಿದಿತ್ತು. ಲಗ್ನದ ಬ್ಯಾಂಡಿನವರು ತೊಡುವ ಕೆಂಪಂಗಿ, ಭುಜದ ಮೇಲಿನ ಜರಿ, ತಲೆಯ ಟೊಪ್ಪಿಗೆ ಎಲ್ಲ ಪಲ್ಟಣದ ನಕಲು. ಮೈಸೂರಿನಲ್ಲಿ ಅರಸರು ಬ್ಯಾಂಡನ್ನು ಅರಮನೆಯೊಳಗೆ ಕೂರಿಸಿದರು. ಜರ್ಮನಿಯ ಒಟ್ಟೊ ಶ್ಮಿಟ್ ಅದನ್ನು ನಡೆಸಿದ. ಮುಂದೆ ಅದು ಪೊಲೀಸ್ ಬ್ಯಾಂಡಾಗಿ ಇಂದಿಗೂ ದಸರೆಯಲ್ಲಿ ಕಛೇರಿ ಕೊಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅರಮನೆಯೂ ಇಲ್ಲ, ಕುರ್ಚಿಯೂ ಇಲ್ಲ. ಇಲ್ಲಿ ಬ್ಯಾಂಡಿಗೆ ಸಿಕ್ಕಿದ್ದು ರಸ್ತೆ.

ಊದಿದವರು ಯಾರು? ಸನಾದಿ ಊದುತ್ತಿದ್ದ ಕೊರವ ಭಜಂತ್ರಿಗಳು, ಹಲಗಿ ಬಾರಿಸುತ್ತಿದ್ದ ಮಾದರು, ಬಡ ಮುಸಲ್ಮಾನರು. ಹಲಗಿಗೆ ಚರ್ಮದ ಮೈಲಿಗೆ, ಊದುವ ವಾದ್ಯಕ್ಕೆ ಎಂಜಲಿನ ಮೈಲಿಗೆ. ಹಾಗಾಗಿ ಬಿಳಿಯರ ವಾದ್ಯವೂ ನಮ್ಮೂರಿಗೆ ಬಂದು ಜಾತಿ ಹಿಡಿಯಿತು.

ಅವರು ನುಡಿಸಿದ್ದು ಮುಂಬಯಿಯ ಹಾಡು. ಅಮೆರಿಕದ ಕಪ್ಪು ಜನರ ಜಾಝ್ ಮುಂಬಯಿಯ ಹೊಟೇಲುಗಳಿಗೆ ಬಂತು. ಅಲ್ಲಿ ಚಿಕ್ ಚಾಕೊಲೇಟ್ ಅಂತ ಹೆಸರಾದ ಗೋವೆಯ ಟ್ರಂಪೆಟ್ ವಾದಕ ಅದನ್ನು ನುಡಿಸಿದ. ಸಿ. ರಾಮಚಂದ್ರರ ಸಂಗೀತದ 'ಅಲಬೇಲಾ' ಸಿನಿಮಾದಲ್ಲಿ, ೧೯೫೧ರಲ್ಲಿ, ಅವನ ವಾದ್ಯವೃಂದವೂ ಇತ್ತು. ಸಿನಿಮಾದಿಂದ ರೇಡಿಯೋಕ್ಕೆ, ರೇಡಿಯೋದಿಂದ ಬ್ಯಾಂಡಿನವರ ಕಿವಿಗೆ, ಕಿವಿಯಿಂದ ಹಿತ್ತಾಳಿಗೆ ಇಂಥ ಹಾಡುಗಳು ಇಳಿದವು. ಬರೆದಿಟ್ಟ ಸ್ವರ ಇಲ್ಲದೆ, ಉಸ್ತಾದ ಬಾಯಿಂದ ಹೇಳಿದ್ದನ್ನೇ ಹುಡುಗರು ಕಲಿತರು. ಮುಂಬಯಿಯಲ್ಲಿ ೧೯೭೨ರಲ್ಲಿ ದಲಿತ ಪ್ಯಾಂಥರ್ ಹುಟ್ಟಿದಾಗ ಅಮೆರಿಕದ ಕಪ್ಪು ಜನರ ಹೆಸರು ನಮ್ಮ ರಾಜಕಾರಣಕ್ಕೆ ಬಂತು. ಅವರ ತಾಳ ಅದಕ್ಕೂ ಮುಂಚೆಯೇ ನಮ್ಮವರ ಉಸಿರಿನಲ್ಲಿ ಓಡಾಡಿತ್ತು.

ಇದರಿಂದ ಬದಲಾದದ್ದೇನು? ಒಂದು ದೊಡ್ಡ ಮಾತು ಬದಲಾಯಿತು. ಹಲಗಿಗೆ ಅಪ್ಪಣೆ ಇತ್ತು, ಬ್ಯಾಂಡಿಗೆ ಇಸಾರ ಬಂತು. ತಾರೀಖು, ಮಂದಿ, ರೊಕ್ಕ ಎಲ್ಲ ಮೊದಲೇ ಮಾತಾಗಬೇಕು. ಒಲ್ಲದಿದ್ದರೆ ಒಲ್ಲೆ ಅನ್ನಬಹುದು. ಬಿಟ್ಟಿಗೂ ಕೂಲಿಗೂ ನಡುವಿನ ಈ ಅಂತರ ಸಣ್ಣದಲ್ಲ. ಆದರೆ ಊಟದ ಪಂಕ್ತಿ ಬದಲಾಗಲಿಲ್ಲ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದವರು, ತಲೆ ಮೇಲೆ ಗ್ಯಾಸಬತ್ತಿ ಹೊತ್ತವರು, ಎಲ್ಲರಿಗಿಂತ ಹಿಂದೆ ಉಂಡರು. ಊರ ಗೌಡನ ಮಗನಿಗೆ ಊದಿದ ಅದೇ ಹಿತ್ತಾಳಿ ಕೇರಿಯ ಮದುಮಗನ ಮುಂದೆ ಅಗಸಿ ದಾಟಿದರೆ ಕಲ್ಲು ಬಿದ್ದ ಊರುಗಳು ಈ ದೇಶದಲ್ಲಿ ಎಷ್ಟಿಲ್ಲ! ದಲಿತರ ಲಗ್ನದ ಮೆರವಣಿಗೆ ತಡೆಯುವುದು ದೌರ್ಜನ್ಯದ ಅಪರಾಧ ಅಂತ ಕಾಯಿದೆಯಲ್ಲಿ ಬಿಡಿಸಿ ಬರೆಯಲು ೨೦೧೫ರ ತಿದ್ದುಪಡಿಯೇ ಬರಬೇಕಾಯಿತು. ಬ್ಯಾಂಡಿನ ದನಿ ಎಲ್ಲರಿಗೂ ಬೇಕು. ಅದು ಯಾರ ಮುಂದೆ ಮೊಳಗಬೇಕು ಅನ್ನುವುದನ್ನು ಮಾತ್ರ ಜಾತಿ ನಿರ್ಧರಿಸಬೇಕೆ?

ಈಗ ಡಿಜೆ ಪೆಟ್ಟಿಗೆ ಬಂದಿದೆ. ಹತ್ತು ಮಂದಿಯ ಉಸಿರಿನ ಕೆಲಸವನ್ನು ಒಂದು ಗಾಡಿ ಮಾಡುತ್ತದೆ. ನಮ್ಮದೇ ಏಪ್ರಿಲ್ ೧೪ರ ಮೆರವಣಿಗೆಗಳಲ್ಲೂ ಅದೇ ಗಾಡಿ. ಹಳೆಯ ಚಾಕರಿ ಮರಳಿ ಬರಲಿ ಅಂತ ನಾವು ಹೇಳುತ್ತಿಲ್ಲ. ಮಕ್ಕಳು ಓದಿ ಬೇರೆ ಕೆಲಸ ಹಿಡಿದರೆ ಅದು ನಮ್ಮ ಗೆಲುವೇ. ಆದರೆ ಕಲಿತ ವಿದ್ಯೆಗೆ ಬೆಲೆ ಸಿಗದೆ, ಹೆಸರು ಉಳಿಯದೆ ಆ ಉಸ್ತಾದರು ಮಣ್ಣಾಗುವುದು ಗೆಲುವಲ್ಲ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಹಳೆಯ ಬ್ಯಾಂಡಿನವರು ಯಾರ ಹತ್ತಿರ ಕಲಿತರು, ಮೊದಲ ಟ್ರಂಪೆಟ್ ಎಲ್ಲಿಂದ ತಂದರು, ಎಷ್ಟು ರೊಕ್ಕಕ್ಕೆ ಊದಿದರು ಅಂತ ಕೇಳಿ ಬರೆದಿಡಿ. ಬರುವ ಏಪ್ರಿಲ್ ೧೪ಕ್ಕೆ ಅವರನ್ನು ಮೆರವಣಿಗೆಯ ಮುಂದೆ ನಡೆಸಿದ್ದಷ್ಟೇ ಸಾಲದು. ಕರಪತ್ರದಲ್ಲಿ ಅವರ ಹೆಸರು ಹಾಕಿಸಿ. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಹಾಕಿ. ಅವರು ಕುಳಿತು ನುಡಿಸಲಿ, ನಾವು ಕುಳಿತು ಕೇಳೋಣ.