ನ್ಯೂಯಾರ್ಕ್ 1918ರಲ್ಲಿ ಶಾಲೆಗಳನ್ನು ಏಕೆ ಮುಚ್ಚಲಿಲ್ಲ?

ಹೋದ ಸಲ ಊರಿಗೆ ಹೋದಾಗ ಅಮ್ಮ ಅಟ್ಟದಿಂದ ಹಳೇ ಪುಸ್ತಕಗಳನ್ನೆಲ್ಲ ಇಳಿಸಿ ಧೂಳು ಹೊಡೆಯುತ್ತಿದ್ದಳು. ಅಮ್ಮ ತಿಪಟೂರು ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಆ ರಾಶಿಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. 2020ರದ್ದು. ಪುಟದ ಎಡಕ್ಕೆ ಮಕ್ಕಳ ಹೆಸರು, ಬಲಕ್ಕೆ ‘ಫೋನ್’ ಅಂತ ಒಂದು ಕಾಲಂ. ಅದರಲ್ಲಿ ಮೂರೇ ಬಗೆಯ ಉತ್ತರ. ‘ಇದೆ’, ‘ಇಲ್ಲ’, ‘ಅಪ್ಪನ ಹತ್ತಿರ, ರಾತ್ರಿ ಮಾತ್ರ’. ‘ಇದೆ’ ಅಂತ ಬರೆದದ್ದು ತೀರಾ ಕಡಿಮೆ.

“ಇದನ್ನ ರದ್ದಿಗೆ ಹಾಕ್ಲಾ ಅಮ್ಮ?” ಅಂದೆ.

“ಇರ್ಲಿ ಬಿಡೋ, ಅದ್ರಲ್ಲಿ ಎಲ್ಲಾ ಮಕ್ಕಳೂ ಇದಾವೆ” ಅಂದಳು.

ಮೊದಲೇ ಒಂದು ತಪ್ಪೊಪ್ಪಿಗೆ. ಆಗ ನನಗೆ ಕೆಲಸ ಸಿಕ್ಕಿ ಒಂದು ವರ್ಷವೂ ಆಗಿರಲಿಲ್ಲ. ಊರಿನ ಮನೆಯ ಮಹಡಿಯ ರೂಮಿನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದೆ. ಶಾಲೆ ತೆರೆಯುವ ಸುದ್ದಿ ಬಂದಾಗಲೆಲ್ಲ “ಸದ್ಯಕ್ಕೆ ಮುಚ್ಚಿರಲಿ, ನೀನು ಹೋಗ್ಬೇಡ” ಅಂತ ಅಮ್ಮನ ಜೊತೆ ಜಗಳವಾಡಿದವನು ನಾನೇ. ಎರಡನೇ ಅಲೆಯಲ್ಲಿ ಅಮ್ಮನಿಗೆ ಪರಿಚಯದ ಒಬ್ಬರು ಮೇಷ್ಟ್ರು ತೀರಿಕೊಂಡಿದ್ದರು. ನನ್ನ ಹೆದರಿಕೆ ಸುಳ್ಳಾಗಿರಲಿಲ್ಲ. ಆದರೆ ಆಮೇಲೆ ಇದರ ಇತಿಹಾಸ ಓದುತ್ತಾ ಹೋದಂತೆ ನನ್ನ ಲೆಕ್ಕದಲ್ಲಿ ಎಲ್ಲೋ ಒಂದು ಬಗ್ ಇತ್ತು ಅನ್ನಿಸತೊಡಗಿತು. ಅದು ಯಾವುದು ಅಂತ ಹೇಳಬೇಕಾದರೆ ನೂರು ವರ್ಷ ಹಿಂದಕ್ಕೆ, ನ್ಯೂಯಾರ್ಕಿಗೆ ಹೋಗಬೇಕು.

1918ರ ಇನ್‌ಫ್ಲುಯೆಂಜಾ ನಿಮಗೆ ಗೊತ್ತೇ ಇರುತ್ತದೆ. ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಅಮೆರಿಕದಲ್ಲಿ ಆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಊರೂರಿನ ಆಡಳಿತಗಳು ಶಾಲೆ, ಚರ್ಚು, ನಾಟಕ ಮಂದಿರ ಎಲ್ಲ ಮುಚ್ಚಿದವು. ಆದರೆ ಮೂರು ದೊಡ್ಡ ಊರುಗಳು ಮಾತ್ರ ಶಾಲೆ ಮುಚ್ಚಲಿಲ್ಲ: ನ್ಯೂಯಾರ್ಕ್, ಷಿಕಾಗೋ ಮತ್ತು ನ್ಯೂ ಹೇವನ್.

ನ್ಯೂಯಾರ್ಕಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅಂತ, ಹೋಮಿಯೋಪತಿ ಕಲಿತ ಡಾಕ್ಟರು. ಅದೇ ವರ್ಷ ಹುದ್ದೆಗೆ ಬಂದಿದ್ದರು. ಅವರ ವಾದ ಸರಳವಾಗಿತ್ತು. ಊರಿನಲ್ಲಿ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳು. ಅವರಲ್ಲಿ ಮುಕ್ಕಾಲು ಪಾಲು ಬಡವರ ವಠಾರಗಳಲ್ಲಿ, ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಇರುವವರು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುವವರು. ಶಾಲೆ ಮುಚ್ಚಿದರೆ ಈ ಮಕ್ಕಳು ಎಲ್ಲಿರುತ್ತಾರೆ? ಆ ಕೋಣೆಯಲ್ಲಿ, ಇಲ್ಲವೇ ಬೀದಿಯಲ್ಲಿ. ಕಾಯಿಲೆ ಬಂದರೆ ನೋಡುವವರು ಯಾರು? ಶಾಲೆಯಲ್ಲಾದರೆ ಬೆಳಕಿದೆ, ಗಾಳಿಯಿದೆ, ದಿನಾ ಮುಖ ನೋಡುವ ಟೀಚರ್ ಇದ್ದಾರೆ, ನರ್ಸ್ ಇದ್ದಾರೆ.

ಈ ತೀರ್ಮಾನದ ಹಿಂದೆ ಇದ್ದವರು ಡಾಕ್ಟರ್ ಸಾರಾ ಜೋಸೆಫಿನ್ ಬೇಕರ್. 1907ರಲ್ಲಿ ‘ಟೈಫಾಯ್ಡ್ ಮೇರಿ’ಯನ್ನು ಹಿಡಿದು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದ ಗಟ್ಟಿಗಿತ್ತಿ ಇವರೇ. 1908ರಲ್ಲಿ ನಗರದ ಮಕ್ಕಳ ಆರೋಗ್ಯ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥೆಯಾದರು. ಮಕ್ಕಳು ದಿನಾ ನಮ್ಮ ಕಣ್ಣೆದುರಿಗೆ ಇರಲಿ, ಆಗಲೇ ಕಾಯಿಲೆಯನ್ನು ಬೇಗ ಹಿಡಿಯಬಹುದು ಅಂತ ಕೋಪ್‌ಲ್ಯಾಂಡ್ ಜೊತೆ ವಾದಿಸಿದವರು ಇವರು.

ಸುಮ್ಮನೆ ಬಾಗಿಲು ತೆರೆದಿಟ್ಟು ಕೂರಲಿಲ್ಲ. ಮಕ್ಕಳು ಬೆಳಿಗ್ಗೆ ಅಂಗಳದಲ್ಲಿ ಗುಂಪು ಸೇರದೆ ನೇರ ತಮ್ಮ ತರಗತಿಗೇ ಹೋಗಬೇಕು. ಹೋದ ಕೂಡಲೇ ಟೀಚರ್ ಒಬ್ಬೊಬ್ಬರನ್ನೇ ನೋಡಬೇಕು. ಕೆಮ್ಮು, ಜ್ವರ ಕಂಡರೆ ಮಗುವನ್ನು ಬೇರೆ ಕೂರಿಸಿ ಮನೆಗೆ ಕಳಿಸುವುದು. ಮನೆಯಲ್ಲಿ ಬೇರೆ ಮಲಗಿಸಲು ಜಾಗ ಇದೆಯಾ ಅಂತ ಆರೋಗ್ಯ ಇಲಾಖೆಯವರು ನೋಡಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸುವುದು. ಹೀಗಿತ್ತು ಏರ್ಪಾಡು.

ಅಂದ ಹಾಗೆ, ಇದನ್ನು ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ಟೀಕೆಗಳು ಸಾಕಷ್ಟು ಬಂದವು. ಎಷ್ಟೋ ಅಪ್ಪ ಅಮ್ಮಂದಿರು ಶಾಲೆ ತೆರೆದಿದ್ದರೂ ಮಕ್ಕಳನ್ನು ಕಳಿಸಲಿಲ್ಲ. ಷಿಕಾಗೋದಲ್ಲಿ ಈ ಹೆದರಿಕೆಗೆ ‘ಫ್ಲೂಫೋಬಿಯಾ’ ಅಂತ ಹೆಸರೇ ಬಿದ್ದಿತ್ತು. ನಮ್ಮ ಕಾಲದ ವಾಟ್ಸಾಪ್ ಗ್ರೂಪುಗಳು ನೆನಪಾದವು :-)

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು 1918 ಅಲ್ಲ, 1902. ಅದಕ್ಕೂ ಐದು ವರ್ಷ ಮುಂಚಿನಿಂದಲೇ ನ್ಯೂಯಾರ್ಕಿನ ಶಾಲೆಗಳಿಗೆ ಡಾಕ್ಟರುಗಳು ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಕಣ್ಣುಬೇನೆ, ಹುಳುಕಡ್ಡಿ, ತಲೆಯಲ್ಲಿ ಹೇನು, ಏನೇ ಕಂಡರೂ ಚೀಟಿ ಬರೆದು ಮನೆಗೆ ಕಳಿಸುವುದು, ಅಷ್ಟೇ. ಚಿಕಿತ್ಸೆ ಮಾತ್ರ ಯಾರೂ ಮಾಡುತ್ತಿರಲಿಲ್ಲ. ಮನೆಗೆ ಹೋದ ಮಗು ವಾರಗಟ್ಟಲೆ ಬರುತ್ತಿರಲಿಲ್ಲ, ತರಗತಿಗಳು ಖಾಲಿ ಹೊಡೆಯುತ್ತಿದ್ದವು. ಆಗ ಲಿಲಿಯನ್ ವಾಲ್ಡ್ ಎಂಬ ಸಮಾಜಸೇವಕಿ, ತಮ್ಮ ಬಳಿಯಿದ್ದ ಲೀನಾ ರೋಜರ್ಸ್ ಎಂಬ ನರ್ಸನ್ನು ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕಳಿಸಿಕೊಟ್ಟರು. ಆಕೆ ಶಾಲೆಯಲ್ಲೇ ಗಾಯಕ್ಕೆ ಔಷಧಿ ಹಚ್ಚಿದರು, ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. ಒಂದೇ ವರ್ಷದಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗುಳಿಯುವ ಮಕ್ಕಳ ಸಂಖ್ಯೆ ಸುಮಾರು ಶೇಕಡಾ 90ರಷ್ಟು ಇಳಿಯಿತು. ನಗರ ತಕ್ಷಣ ಇನ್ನಷ್ಟು ನರ್ಸುಗಳನ್ನು ನೇಮಿಸಿಕೊಂಡಿತು.

ಅಂದರೆ 1918ರಲ್ಲಿ ಕೋಪ್‌ಲ್ಯಾಂಡ್ ಧೈರ್ಯ ಮಾಡಿದರು ಅನ್ನುವುದು ಅರ್ಧ ಸತ್ಯ ಮಾತ್ರ. ಆ ಧೈರ್ಯಕ್ಕೆ ಬೇಕಾದ ಬಂಡವಾಳವನ್ನು ಹದಿನಾರು ವರ್ಷಗಳಿಂದ ಬೇರೆಯವರು ಕೂಡಿಟ್ಟಿದ್ದರು. ಕಾಯಿಲೆ ಬಂದ ಮೇಲೆ ಶುರು ಮಾಡಿದ್ದರೆ ಆಗುತ್ತಿರಲಿಲ್ಲ.

ಇನ್ನು ಫಲಿತಾಂಶ. ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. 2007ರಲ್ಲಿ ಹೊವಾರ್ಡ್ ಮಾರ್ಕೆಲ್ ಮತ್ತು ಸಂಗಡಿಗರು 43 ಅಮೆರಿಕನ್ ನಗರಗಳ 24 ವಾರಗಳ ಲೆಕ್ಕ ತೆಗೆದರು. ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು ಲಕ್ಷಕ್ಕೆ ಎಷ್ಟು ಅಂತ. ಫಿಲಡೆಲ್ಫಿಯಾದಲ್ಲಿ 748, ಬಾಸ್ಟನ್‌ನಲ್ಲಿ 710, ನ್ಯೂಯಾರ್ಕಿನಲ್ಲಿ 452, ಷಿಕಾಗೋದಲ್ಲಿ 373. ಇಷ್ಟು ಓದಿದರೆ ‘ನೋಡಿ, ಶಾಲೆ ತೆರೆದಿಟ್ಟವರೇ ಗೆದ್ದರು’ ಅನ್ನಬಹುದು. ಆದರೆ ಅದೇ ಪಟ್ಟಿಯಲ್ಲಿ ಸೇಂಟ್ ಲೂಯಿಸ್ ಕೂಡ ಇದೆ, 358. ಅವರು ಅಕ್ಟೋಬರ್ ಮೊದಲಲ್ಲೇ ಶಾಲೆ ಸೇರಿ ಎಲ್ಲ ಮುಚ್ಚಿದವರು. ನವೆಂಬರ್ ಮಧ್ಯದಲ್ಲಿ ತೆರೆದಾಗ ಕಾಯಿಲೆ ಮತ್ತೆ ಏರಿ, ಮತ್ತೆ ಮುಚ್ಚಬೇಕಾಯಿತು. ಬೇಗ, ಹಲವು ಕ್ರಮಗಳನ್ನು ಒಟ್ಟಿಗೆ, ಹೆಚ್ಚು ದಿನ ಜಾರಿಯಲ್ಲಿಟ್ಟ ಊರುಗಳಲ್ಲಿ ಸಾವು ಕಡಿಮೆ ಅನ್ನುವುದೇ ಆ ಅಧ್ಯಯನದ ತೀರ್ಮಾನ. ನ್ಯೂಯಾರ್ಕ್ ಕೂಡ ರೋಗಿಗಳನ್ನು ಬೇರೆ ಇಡುವುದನ್ನು ಬಹಳ ಬೇಗ ಶುರು ಮಾಡಿತ್ತು. ಅಂಗಡಿ, ಆಫೀಸುಗಳ ಸಮಯವನ್ನು ಹಿಂದೆ ಮುಂದೆ ಮಾಡಿ ರೈಲಿನ ನೂಕುನುಗ್ಗಲು ಇಳಿಸಿತ್ತು. ಹಾಗಾಗಿ ಆ ಕಾಲದ ಅಂಕಿಗಳಿಂದ ಶಾಲೆ ತೆರೆದದ್ದೇ ಸರಿ ಅಂತಲೂ ಹೇಳಲಾಗದು, ತಪ್ಪು ಅಂತಲೂ ಹೇಳಲಾಗದು. ಉಳಿಯುವುದು ಕೋಪ್‌ಲ್ಯಾಂಡ್ ಮತ್ತು ಬೇಕರ್ ಕೇಳಿದ ಪ್ರಶ್ನೆ ಮಾತ್ರ: ಶಾಲೆಯಲ್ಲಿ ಇಲ್ಲದಿದ್ದರೆ ಈ ಮಗು ಎಲ್ಲಿರುತ್ತದೆ?

ಇನ್ನೊಂದು ಸಣ್ಣ ಕಥೆ ಹೇಳಿ ನಮ್ಮೂರಿಗೆ ಬರ್ತೀನಿ. 1937ರಲ್ಲಿ ಷಿಕಾಗೋದಲ್ಲಿ ಪೋಲಿಯೋ ಹರಡಿತು. ಈ ಸಲ ಅವರು ಶಾಲೆ ತೆರೆಯುವುದನ್ನು ಮುಂದೂಡಿದರು. ಬದಲಿಗೆ ಮೂರರಿಂದ ಎಂಟನೇ ಕ್ಲಾಸಿನ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರೇಡಿಯೋದಲ್ಲಿ ಪಾಠ! ಆರು ರೇಡಿಯೋ ಕೇಂದ್ರಗಳು ಸಮಯ ಬಿಟ್ಟುಕೊಟ್ಟವು, ಪತ್ರಿಕೆಗಳು ದಿನದ ಪಾಠ, ಪ್ರಶ್ನೆ ಎಲ್ಲ ಅಚ್ಚು ಹಾಕಿದವು. ಪೋಷಕರು ಫೋನ್ ಮಾಡಿ ಕೇಳಲು ಟೀಚರುಗಳನ್ನು ಕೂರಿಸಿದರು. ಕೇಳಲು ಚೆನ್ನಾಗಿದೆ ಅಲ್ಲವಾ? ಆದರೆ ರೇಡಿಯೋ ಇಲ್ಲದ ಮನೆ, ಸ್ಟೇಷನ್ ಸರಿಯಾಗಿ ಹಿಡಿಯದ ಮನೆ, ಪಾಠದ ವೇಗಕ್ಕೆ ಹಿಂದೆ ಬಿದ್ದ ಮಗು... ಎಲ್ಲ ದೂರುಗಳೂ ಆಗಲೇ ಇದ್ದವು. ಒಂದೇ ವ್ಯತ್ಯಾಸ. ಷಿಕಾಗೋದ ರೇಡಿಯೋ ಶಾಲೆ ಮೂರು ವಾರದೊಳಗೆ ಮುಗಿಯಿತು, ಮಕ್ಕಳು ತರಗತಿಗೆ ಹೋದರು.

ನಮ್ಮಲ್ಲಿ? ಕರ್ನಾಟಕದಲ್ಲಿ 2020ರ ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. ಆಗಸ್ಟ್ ಹೊತ್ತಿಗೆ ‘ವಿದ್ಯಾಗಮ’ ಬಂತು. ಅಮ್ಮ ದೇವಸ್ಥಾನದ ಜಗಲಿ, ಅರಳಿಕಟ್ಟೆ ಅಂತ ಹೋಗಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಟೀಚರುಗಳಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ಮತ್ತು ಎರಡನೇ ಪಿಯುಸಿಯವರಿಗೆ ತರಗತಿ ಶುರುವಾಯಿತು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಎಲ್ಲ ಮುಚ್ಚಿತು. ಮತ್ತೆ ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಒಂದರಿಂದ ಐದನೇ ಕ್ಲಾಸಿನವರು ಬಂದದ್ದು ಅಕ್ಟೋಬರ್ 25ಕ್ಕೆ. ಅಂದರೆ ಹತ್ತೊಂಬತ್ತು ತಿಂಗಳು.

ಲೆಕ್ಕ ಹಾಕಿ ನೋಡಿ. ಮಾರ್ಚ್ 2020ರಲ್ಲಿ ಒಂದನೇ ಕ್ಲಾಸಿನಲ್ಲಿದ್ದ ಮಗು ಶಾಲೆಗೆ ಬಂದಾಗ ಮೂರನೇ ಕ್ಲಾಸು. ಎರಡನೇ ಕ್ಲಾಸಿನ ರೂಮಿನಲ್ಲಿ ಅದು ಒಂದು ದಿನವೂ ಕೂತಿರಲಿಲ್ಲ.

ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ ಅನ್ನುವ ಈ ಕ್ರಮ ಆಗ ನಮಗೆಲ್ಲ ಸಹಜ ಅನ್ನಿಸಿತ್ತು. ಬೋರ್ಡ್ ಪರೀಕ್ಷೆ ಇರುವುದು ದೊಡ್ಡವರಿಗೆ ತಾನೆ. ಆದರೆ ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ಶಾಲೆ ತೆರೆದಾಗ ಮೊದಲು ಕರೆದದ್ದು ಚಿಕ್ಕ ಮಕ್ಕಳನ್ನೇ. ನಮ್ಮಲ್ಲೇ 2021ರ ಜುಲೈನಲ್ಲಿ ಐಸಿಎಂಆರ್ ಮುಖ್ಯಸ್ಥ ಬಲರಾಮ್ ಭಾರ್ಗವ ಅವರು, ಚಿಕ್ಕ ಮಕ್ಕಳು ಈ ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ತೆರೆಯುವುದಾದರೆ ಪ್ರಾಥಮಿಕ ಶಾಲೆ ಮೊದಲು ತೆರೆಯಬಹುದು ಅಂದಿದ್ದರು. ಅದೇ ದಿನ ಬಿಡುಗಡೆಯಾದ ರಾಷ್ಟ್ರೀಯ ಸೀರೋ ಸಮೀಕ್ಷೆಯ ಒಂದು ಅಂಕಿ ನೋಡಿ ನಾನು ದಂಗಾದೆ. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡಾ 57ರಷ್ಟು ಜನರ ರಕ್ತದಲ್ಲಿ ಆಗಲೇ ಪ್ರತಿಕಾಯಗಳಿದ್ದವು. ಆ ವಯಸ್ಸಿನ ಹೆಚ್ಚಿನ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿ ವರ್ಷದ ಮೇಲಾಗಿತ್ತು! ಅಂದರೆ ವೈರಸ್ ಅವರನ್ನು ಹುಡುಕಿಕೊಂಡು ಮನೆಗೇ ಬಂದಿತ್ತು. ಕೋಪ್‌ಲ್ಯಾಂಡ್ ಹೇಳಿದ್ದೂ ಇದನ್ನೇ ಅಲ್ಲವೇ.

ಇನ್ನು ಕಳೆದುಕೊಂಡದ್ದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು 2021ರ ಜನವರಿಯಲ್ಲಿ ಪರೀಕ್ಷಿಸಿದರು. ಶೇಕಡಾ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಗಣಿತದಲ್ಲಿ ಶೇಕಡಾ 82. ಹೊಸದು ಕಲಿಯದಿರುವುದು ಬೇರೆ, ಕಲಿತದ್ದೂ ಅಳಿಸಿಹೋಗುವುದು ಬೇರೆ. ಇದು ಎರಡನೆಯದು. ಸರ್ಕಾರವೂ ಇದನ್ನು ಒಪ್ಪಿಕೊಂಡು 2022ರ ಮೇ 16ಕ್ಕೇ ಶಾಲೆ ಶುರು ಮಾಡಿ, ಆ ವರ್ಷವಿಡೀ ‘ಕಲಿಕಾ ಚೇತರಿಕೆ’ ನಡೆಸಿತು.

ನನ್ನ ಬಗ್ ಎಲ್ಲಿತ್ತು ಅಂತ ಈಗ ಹೇಳಬಹುದು. ನಾನು ಶಾಲೆಯನ್ನು ಹೋಲಿಸುತ್ತಿದ್ದದ್ದು ನನ್ನ ಮಹಡಿ ರೂಮಿನ ಜೊತೆ. ಒಬ್ಬನೇ ಇರುವ ರೂಮು, ಇಂಟರ್‌ನೆಟ್ಟು, ಕೆಳಗಿನಿಂದ ಹೊತ್ತಿಗೆ ಸರಿಯಾಗಿ ಬರುವ ಊಟ. ಅದರ ಎದುರು ಯಾವ ಶಾಲೆಯೂ ಅಪಾಯವೇ. ಅಮ್ಮ ಹೋಲಿಸುತ್ತಿದ್ದದ್ದು ಆ ನೋಟ್‌ಬುಕ್ಕಿನ ಬಲಗಡೆಯ ಕಾಲಮ್ಮಿನ ಜೊತೆ. ಮಕ್ಕಳು ಹಗಲೆಲ್ಲ ಎಲ್ಲಿರುತ್ತವೆ ಅಂತ ಅವಳಿಗೆ ಗೊತ್ತಿತ್ತು. ತೋಟದಲ್ಲಿ ತೆಂಗಿನಕಾಯಿ ಆಯುತ್ತಾ, ಕುರಿ ಹಿಂದೆ, ತಮ್ಮ ತಂಗಿಯನ್ನು ಸೊಂಟದ ಮೇಲೆ ಹೊತ್ತು.

ಹಾಗಂತ 2020ರಲ್ಲೇ ಎಲ್ಲ ತೆರೆದಿಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆ ಮೇಷ್ಟ್ರ ಮುಖ ನನಗೆ ನೆನಪಿದೆ. ನ್ಯೂಯಾರ್ಕಿನ ಶಾಲೆಗಳಲ್ಲಿ ನರ್ಸ್ ಇದ್ದರು. ಅಮ್ಮನ ಶಾಲೆಯಲ್ಲಿ ಇದ್ದದ್ದು ಒಂದು ಫಸ್ಟ್ ಏಡ್ ಡಬ್ಬಿ, ಅದರಲ್ಲಿ ಅರ್ಧ ಬಾಟಲಿ ಡೆಟಾಲ್. ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದ ದಿನ ‘ತೆರೆಯೋಣವೋ ಮುಚ್ಚೋಣವೋ’ ಅಂತ ಟಿವಿಯಲ್ಲಿ ಮತ್ತೆ ಚರ್ಚೆ ನಡೆಯುತ್ತದೆ. ಆದರೆ ಅದಕ್ಕೆ ಉತ್ತರ ಬರೆಯುವ ಸಮಯ ಅದಲ್ಲ, ಈಗ.

“ಕೊನೆಗೆ ಆ ಮೂರನೇ ಕ್ಲಾಸಿನವರಿಗೆ ಓದು ಬಂತಾ?” ಅಂತ ಅಮ್ಮನನ್ನು ಕೇಳಿದೆ.

“ಸುಮಾರು ಜನಕ್ಕೆ ಬಂತು ಕಣೋ. ಇಬ್ರು ಮಾತ್ರ ಮತ್ತೆ ಬರ್ಲೇ ಇಲ್ಲ” ಅಂದಳು. ನೋಟ್‌ಬುಕ್ಕಿನಲ್ಲಿ ಆ ಎರಡು ಹೆಸರಿನ ಮುಂದೆ ‘ಇಲ್ಲ’ ಅಂತಿತ್ತು. ಅದನ್ನು ಒರೆಸಿ ಮತ್ತೆ ಅಟ್ಟದ ಮೇಲೆ ಇಟ್ಟೆ.

ನಿಮ್ಮೂರಿನ ಶಾಲೆಯಲ್ಲಿ ಏನಾಯಿತು? ನೆನಪಿದ್ದರೆ ಬರೆಯಿರಿ.