ಕೂಡವೆಲ್ಲಿಯ ಸಂಗಮೇಶ್ವರಾಲಯವೂ ಯಥಾಸ್ಥಿತಿಯ ಲೇಖನವೂ

ಜೀರ್ಣೋದ್ಧಾರವು ಪುಣ್ಯಕಾರ್ಯವೆಂಬುದು ಸರ್ವವಿದಿತವಾದುದು. ಆದರೆ ಕಟ್ಟಡದ ಒಂದು ಕಲ್ಲನ್ನಾದರೂ ಕದಲಿಸುವುದಕ್ಕೆ ಮೊದಲು ಅದರ ಯಥಾಸ್ಥಿತಿಯನ್ನು ಬರೆದಿಡುವುದು ಆ ಪುಣ್ಯಕಾರ್ಯದ ಪ್ರಥಮಾಂಗವೆಂಬುದನ್ನು ಅನೇಕರು ಮರೆಯುವರು.

ಕೃಷ್ಣಾ ತುಂಗಭದ್ರೆಯರು ಕೂಡುವ ಕೂಡವೆಲ್ಲಿ ಗ್ರಾಮದಲ್ಲಿ ಬಾದಾಮಿ ಚಲುಕ್ಯರ ಕಾಲದ ಸಂಗಮೇಶ್ವರಾಲಯವಿದ್ದಿತು. ಶ್ರೀಶೈಲದ ಅಣೆಕಟ್ಟಿನ ಜಲಾಶಯದಲ್ಲಿ ಅದು ಮುಳುಗುವ ಸಂಭವವೊದಗಲು, ೧೯೭೯ರ ಸುಮಾರಿಗೆ ಅದನ್ನು ಬಿಚ್ಚಿ, ಈಗ ತೆಲಂಗಾಣಕ್ಕೆ ಸೇರಿರುವ ಆಲಂಪುರದಲ್ಲಿ ಪುನಃ ಕಟ್ಟುವ ಕಾರ್ಯವು ಆರಂಭವಾಯಿತು. ರೇಖಾನಾಗರ ಶಿಖರವುಳ್ಳ ಆ ಆಲಯವು ಇಂದಿಗೂ ಅಲ್ಲಿ ನಿಂತಿದೆ.

ಇಂತಹ ಸ್ಥಾನಾಂತರಕ್ಕೆ ಲೇಖನವೇ ಆಧಾರವು. ಮೊದಲು ಅಧಿಷ್ಠಾನ, ಭಿತ್ತಿ, ಶಿಖರಗಳನ್ನು ಅಳೆದು ನಕ್ಷೆ ಬರೆಯಬೇಕು. ನಾಲ್ಕು ದಿಕ್ಕುಗಳಿಂದಲೂ ಛಾಯಾಚಿತ್ರ ತೆಗೆಯಬೇಕು. ವರಸೆವರಸೆಯಾಗಿ ಪ್ರತಿಯೊಂದು ಕಲ್ಲಿಗೂ ಅಂಕೆಯನ್ನಿಟ್ಟು, ಅದೇ ಅಂಕೆಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಬಿರುಕು, ವಾಲಿಕೆ, ಭಗ್ನವಾದ ಶಿಲ್ಪ, ಹಿಂದಿನವರು ಬಳಿದ ಗಾರೆ, ಇವೆಲ್ಲವನ್ನೂ ಇದ್ದಂತೆಯೇ ನಮೂದಿಸಬೇಕು. ಇಲ್ಲದಿದ್ದರೆ ಪೂರ್ವದ ಭಂಗವಾವುದು, ಕೆಲಸದಲ್ಲಾದ ಭಂಗವಾವುದು ಎಂಬ ವಿವೇಕವುಳಿಯದು. ಇಂದಿನ ಶಿಲ್ಪಿಯ ಊಹೆಯೇ ಪೂರ್ವಿಕರ ಕೃತಿಯೆಂದು ಮುಂದಿನವರಿಗೆ ತೋರುವುದು.

ಕೂಡವೆಲ್ಲಿಯಲ್ಲಿ ನದಿಯ ನೀರು ಕಾರಣವಾಯಿತು. ಇತರ ಕಡೆಗಳಲ್ಲಿ ಭಕ್ತರ ಉತ್ಸಾಹವೇ ಕಾರಣವಾಗಬಹುದು. ಸುಣ್ಣ ಬಳಿಯುವುದರಿಂದ ಶಾಸನಾಕ್ಷರಗಳು ಮುಚ್ಚುವುವು. ನೆಲಕ್ಕೆ ಹೊಸ ಚಪ್ಪಡಿ ಹಾಸುವಾಗ ಹಳೆಯ ಶಿಲಾಲೇಖವು ಅಡಿಯಾಗುವುದು. ಆದುದರಿಂದ ಮಠಮಂದಿರಗಳ ಕಾರ್ಯಕ್ಕೆ ಕೈಹಾಕುವ ಸದ್ಭಕ್ತರು ಉಳಿಗಿಂತ ಮೊದಲು ಲೇಖನಿಯನ್ನು ಹಿಡಿಯತಕ್ಕುದು. ಕಲ್ಲು ಉಳಿದರೂ ಅದರ ಸ್ಥಾನವು ಮರೆತರೆ ಆಲಯವು ಉಳಿದಂತಾಗದು.