ಪಠ್ಯಪುಸ್ತಕದ ಮೇಲಣ ಮಸಿ

ಶಾಲೆಯಲ್ಲಿ ಕಲಿಸತಕ್ಕುದು ಸಂಗತಿಯನ್ನೋ ಅಭಿಪ್ರಾಯವನ್ನೋ ಎಂಬ ಪ್ರಶ್ನೆ, ವಿದ್ಯಾಭ್ಯಾಸವು ಸರ್ಕಾರದ ಹೊಣೆಯಾದ ಕಾಲದಿಂದಲೂ ಹಲವು ದೇಶಗಳಲ್ಲಿ ಎದ್ದಿದೆ. ಮೇಲುನೋಟಕ್ಕೆ ಉತ್ತರ ಸುಲಭವೆನಿಸುತ್ತದೆ: ಸಂಗತಿಯನ್ನು ಕಲಿಸಬೇಕು, ಅಭಿಪ್ರಾಯವನ್ನು ಹೇರಬಾರದು. ಆದರೆ ಯಾವ ಸಂಗತಿ ಪುಸ್ತಕದಲ್ಲಿರಬೇಕು, ಯಾವುದು ಇರಬಾರದು ಎಂಬುದನ್ನು ನಿರ್ಣಯಿಸುವವರು ಯಾರು ಎಂದು ಕೇಳಿದೊಡನೆ ಆ ಸುಲಭತೆ ಮಾಯವಾಗುತ್ತದೆ. ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿರಿಸಿ 32 ವರ್ಷಗಳ ಕಾಲ ಉತ್ತರಕ್ಕಾಗಿ ಕಾದವರು ಜಪಾನಿನ ಇತಿಹಾಸಕಾರ ಇಯೆನಾಗ ಸಬುರೊ. ಅವರ ವ್ಯಾಜ್ಯಗಳ ವೃತ್ತಾಂತವು ಶಿಕ್ಷಣವನ್ನು ಕುರಿತು ಚಿಂತಿಸುವವರೆಲ್ಲರೂ ತಿಳಿಯತಕ್ಕುದಾಗಿದೆ.

ಜಪಾನಿನಲ್ಲಿ 1872ರಲ್ಲಿ ಹೊಸ ಶಿಕ್ಷಣ ವ್ಯವಸ್ಥೆ ಜಾರಿಗೆ ಬಂದಾಗ ಪಠ್ಯಪುಸ್ತಕಗಳ ಆಯ್ಕೆಯಲ್ಲಿ ಸಾಕಷ್ಟು ಸ್ವಾತಂತ್ರ್ಯವಿದ್ದಿತು. 1886ರಲ್ಲಿ, ಶಿಕ್ಷಣ ಸಚಿವಾಲಯವು ಪರಿಶೀಲಿಸಿ ಒಪ್ಪಿದ ಪುಸ್ತಕಗಳನ್ನು ಮಾತ್ರ ಬಳಸಬೇಕೆಂಬ ನಿಯಮ ಬಂದಿತು. 1890ರಲ್ಲಿ ಶಿಕ್ಷಣವನ್ನು ಕುರಿತ ಚಕ್ರವರ್ತಿಯ ಶಾಸನ ಹೊರಟು, ರಾಜನಿಷ್ಠೆಯನ್ನು ವಿದ್ಯೆಯ ತಳಹದಿಯನ್ನಾಗಿ ಮಾಡಿತು. 1902ರಲ್ಲಿ ಪುಸ್ತಕಗಳ ಆಯ್ಕೆಗೆ ಸಂಬಂಧಿಸಿದ ಲಂಚದ ಹಗರಣ ಬಯಲಾಯಿತು. ಅದರ ಬೆನ್ನಿಗೇ, 1903ರಲ್ಲಿ, ಪ್ರಾಥಮಿಕ ಶಾಲೆಗಳ ಮುಖ್ಯ ಪಠ್ಯಗಳನ್ನು ಸರ್ಕಾರವೇ ರಚಿಸುವ ಪದ್ಧತಿ ಸ್ಥಾಪಿತವಾಯಿತು. ಸರ್ಕಾರದ ಇತಿಹಾಸ ಪುಸ್ತಕವು ಸೂರ್ಯದೇವತೆಯಾದ ಅಮತೆರಾಸುವಿನಿಂದ ಆರಂಭವಾಗುತ್ತಿದ್ದಿತು. ದೇವತೆಯ ಕಥೆ ಎಲ್ಲಿ ಮುಗಿಯಿತು, ಅರಸರ ಚರಿತ್ರೆ ಎಲ್ಲಿ ತೊಡಗಿತು ಎಂಬುದನ್ನು ತೋರಿಸುವ ಗೆರೆಯೊಂದು ಅದರಲ್ಲಿರಲಿಲ್ಲ.

ಇಂಥ ವ್ಯವಸ್ಥೆಯಲ್ಲಿ ಸಂಗತಿಯ ಗತಿ ಏನಾಗುವುದೆಂಬುದಕ್ಕೆ 1911ರ ಪ್ರಕರಣವೇ ಸಾಕ್ಷಿ. ಹದಿನಾಲ್ಕನೆಯ ಶತಮಾನದಲ್ಲಿ ಜಪಾನಿನ ರಾಜವಂಶವು ಉತ್ತರ, ದಕ್ಷಿಣವೆಂದು ಒಡೆದು, 1392ರವರೆಗೆ ಎರಡು ಆಸ್ಥಾನಗಳು ಏಕಕಾಲದಲ್ಲಿ ಇದ್ದುವು. ಸರ್ಕಾರಿ ಪಠ್ಯದ ಸಂಪಾದಕರಾಗಿದ್ದ ಕಿತಾ ಸದಾಕಿಚಿ ಎಂಬ ವಿದ್ವಾಂಸರು ಎರಡನ್ನೂ ಸಮಾನವಾಗಿ ನಿರೂಪಿಸಿದ್ದರು. ಚಕ್ರವರ್ತಿ ಒಬ್ಬನೇ ಇರಬೇಕಲ್ಲದೆ ಇಬ್ಬರಿರುವುದು ಹೇಗೆಂದು ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಕೋಲಾಹಲವೆದ್ದಿತು. ದಕ್ಷಿಣದ ಆಸ್ಥಾನವೊಂದೇ ನ್ಯಾಯಸಮ್ಮತವೆಂದು ಸರ್ಕಾರ ತೀರ್ಮಾನಿಸಿತು, ಪುಸ್ತಕ ತಿದ್ದಲ್ಪಟ್ಟಿತು, ಕಿತಾ ಅಮಾನತುಗೊಂಡರು. ಆಗ ಸಿಂಹಾಸನದಲ್ಲಿದ್ದ ಚಕ್ರವರ್ತಿಯಾದರೋ ಉತ್ತರದ ಶಾಖೆಯ ಸಂತತಿಯವನೇ ಆಗಿದ್ದನು! ಐನೂರು ವರ್ಷಗಳ ಹಿಂದೆ ನಡೆದುಹೋದುದನ್ನು ಆಜ್ಞೆಯಿಂದ ಬದಲಿಸಬಹುದೆಂದು ಒಪ್ಪಿದ ಮೇಲೆ, ಕಣ್ಣೆದುರಿಗೆ ನಡೆಯುವುದನ್ನು ಬದಲಿಸಲು ಯಾವ ಅಡ್ಡಿಯೂ ಉಳಿಯಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಆ ಪುಸ್ತಕಗಳನ್ನೋದಿ ಬೆಳೆದ ಮಕ್ಕಳೇ ಸೈನಿಕರಾಗಿ ಚೀನಾಕ್ಕೂ ಪೆಸಿಫಿಕ್ ದ್ವೀಪಗಳಿಗೂ ನಡೆದರು.

1945ರ ಆಗಸ್ಟಿನಲ್ಲಿ ಜಪಾನು ಶರಣಾಯಿತು. ಶಾಲೆಗಳು ಪುನಃ ತೆರೆದಾಗ ಹೊಸ ಪುಸ್ತಕಗಳನ್ನು ಮುದ್ರಿಸಲು ಕಾಲವೂ ಇರಲಿಲ್ಲ, ಕಾಗದವೂ ಇರಲಿಲ್ಲ. ಆದುದರಿಂದ ಹಳೆಯ ಪುಸ್ತಕಗಳಲ್ಲಿ ಯುದ್ಧವನ್ನು ಕೊಂಡಾಡುವ ಭಾಗಗಳನ್ನು ತೆಗೆದುಹಾಕಬೇಕೆಂದು ಸೆಪ್ಟೆಂಬರಿನಲ್ಲಿ ಸಚಿವಾಲಯ ಆಜ್ಞೆ ಹೊರಡಿಸಿತು. ಮಕ್ಕಳು ಕುಂಚವನ್ನು ಮಸಿಯಲ್ಲಿ ಅದ್ದಿ, ಉಪಾಧ್ಯಾಯರು ಹೇಳಿದ ಪುಟ, ಹೇಳಿದ ಸಾಲುಗಳನ್ನು ತಾವೇ ಕಪ್ಪು ಮಾಡಿದರು. ಕೆಲವು ತಿಂಗಳ ಹಿಂದೆ ಯಾವ ಪಾಠವನ್ನು ಗುರುಗಳು ಭಕ್ತಿಯಿಂದ ಕಂಠಪಾಠ ಮಾಡಿಸಿದ್ದರೋ ಅದನ್ನೇ ಅದೇ ಗುರುಗಳು ಅದೇ ಪೀಠದಿಂದ ಅಳಿಸಲು ಹೇಳುತ್ತಿದ್ದರು. ಅಳಿಸಿದುದು ಸುಳ್ಳೇ ಇರಬಹುದು. ಆದರೆ ಅದು ಏಕೆ ಸುಳ್ಳು, ಅದನ್ನು ಸತ್ಯವೆಂದು ಏಕೆ ಕಲಿಸಲಾಯಿತು ಎಂಬುದನ್ನು ಆ ಮಸಿ ಹೇಳಲಿಲ್ಲ. ನಿನ್ನೆ ಓದಿಸಿದುದೂ ಅಪ್ಪಣೆ, ಇಂದು ಅಳಿಸಿದುದೂ ಅಪ್ಪಣೆ. ನುಡಿಗೂ ನಡೆಗೂ ಸಂಬಂಧ ಕಡಿದ ಗುರುವಿನ ಚಿತ್ರ ಆ ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿತು.

1946ರಲ್ಲಿ, ವಿಜೇತರ ಆಡಳಿತದ ಮೇಲ್ವಿಚಾರಣೆಯಲ್ಲಿ, ದೇವತೆಗಳಿಗೆ ಬದಲಾಗಿ ಶಿಲಾಯುಗದಿಂದ ಆರಂಭವಾಗುವ ಹೊಸ ಇತಿಹಾಸ ಪುಸ್ತಕ ಹೊರಬಂದಿತು. ಅದನ್ನು ಬರೆದ ನಾಲ್ವರಲ್ಲಿ ಇಯೆನಾಗ ಒಬ್ಬರು. 1913ರಲ್ಲಿ ನಾಗೋಯಾದಲ್ಲಿ ಹುಟ್ಟಿ, 1937ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಪದವಿ ಪಡೆದ ಇವರು ಯುದ್ಧಕಾಲದಲ್ಲಿ ಅಧ್ಯಾಪಕರಾಗಿದ್ದರು. ಆ ಯುದ್ಧವನ್ನು ಅವರು ಹೊಗಳಿದವರಲ್ಲ. ಆದರೆ ವಿರೋಧಿಸಿ ನಿಂತವರೂ ಅಲ್ಲ. ತಮ್ಮ ಪೀಳಿಗೆಯ ಅಸಂಖ್ಯಾತ ತರುಣರು ಸಾಯುತ್ತಿರುವಾಗ ತಾವು ಮೌನವಾಗಿದ್ದುದು ಅಪರಾಧವೆಂದು ಅವರು ಮುಂದೆ ಬಹಿರಂಗವಾಗಿಯೇ ಒಪ್ಪಿಕೊಂಡರು. ಅವರ ಮುಂದಿನ ನಡೆಯೆಲ್ಲ ಆ ಪಶ್ಚಾತ್ತಾಪದಿಂದಲೇ ಹೊರಟಿತು.

1947ರ ಕಾನೂನುಗಳು ಸರ್ಕಾರವೇ ಪಠ್ಯ ಬರೆಯುವ ಪದ್ಧತಿಯನ್ನು ಕೊನೆಗಾಣಿಸಿದುವು. ವಿದ್ವಾಂಸರು ಬರೆದು ಪ್ರಕಾಶಕರು ಅಚ್ಚುಹಾಕಿದ ಪುಸ್ತಕಗಳನ್ನು ಸಚಿವಾಲಯ ಪರಿಶೀಲಿಸಿ ಒಪ್ಪಿಗೆ ಕೊಡುವ ಪದ್ಧತಿ ಬಂದಿತು. ಪ್ರೌಢಶಾಲೆಗಾಗಿ ಇಯೆನಾಗ ಬರೆದ ‘ನೂತನ ಜಪಾನ್ ಇತಿಹಾಸ’ವು 1950ರ ದಶಕದ ಆರಂಭದಿಂದ ಬಳಕೆಯಲ್ಲಿದ್ದಿತು. ಕಾಲಕ್ರಮದಲ್ಲಿ ಪರಿಶೀಲನೆ ಬಿಗಿಯಾಗುತ್ತ ಹೋಗಿ, 1963ರಲ್ಲಿ ಅವರ ಪರಿಷ್ಕೃತ ಪುಸ್ತಕ ತಿರಸ್ಕೃತವಾಯಿತು. 1964ರಲ್ಲಿ ನೂರಾರು ತಿದ್ದುಪಡಿಗಳ ಷರತ್ತಿನ ಮೇಲೆ ಒಪ್ಪಿಗೆ ದೊರೆಯಿತು. ಪರಿಶೀಲಕರ ಆಕ್ಷೇಪಣೆಗಳು ಗಮನಾರ್ಹವಾಗಿವೆ. ಯುದ್ಧವನ್ನು ‘ಅವಿವೇಕದ ಯುದ್ಧ’ವೆಂದು ಕರೆಯಬಾರದು, ವಾಯುದಾಳಿ, ಅಣುಬಾಂಬಿನಿಂದ ಹಾಳಾದ ನಗರ, ಅಂಗವಿಕಲನಾದ ಯೋಧ ಮುಂತಾದ ಚಿತ್ರಗಳು ಯುದ್ಧದ ಕತ್ತಲೆಯ ಮುಖವನ್ನೇ ಅತಿಯಾಗಿ ತೋರಿಸುತ್ತವೆ. ಆ ಚಿತ್ರಗಳು ಸುಳ್ಳೆಂದು ಯಾರೂ ಹೇಳಲಿಲ್ಲ. ಅವು ಬೇಡ ಎಂಬುದಷ್ಟೇ ಆಕ್ಷೇಪಣೆಯಾಗಿದ್ದಿತು.

1965ರ ಜೂನ್ ತಿಂಗಳಿನಲ್ಲಿ ಇಯೆನಾಗ ಸರ್ಕಾರದ ಮೇಲೆ ನಷ್ಟಪರಿಹಾರದ ದಾವೆ ಹೂಡಿದರು. 1967ರಲ್ಲಿ, ಒಪ್ಪಿಗೆ ನಿರಾಕರಿಸಿದ ಆಜ್ಞೆಯನ್ನು ರದ್ದುಪಡಿಸಬೇಕೆಂದು ಎರಡನೆಯ ದಾವೆ ಬಂದಿತು. ಎರಡನೆಯದರಲ್ಲಿ 1970ರ ಜುಲೈ 17ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶ ಸುಗಿಮೊತೊ ಅವರು ಕೊಟ್ಟ ತೀರ್ಪು ಶಿಕ್ಷಣದ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಕಲಿಯುವುದು ಮಗುವಿನ ಹಕ್ಕು. ಅದಕ್ಕೆ ಬೇಕಾದ ಅನುಕೂಲಗಳನ್ನು ಒದಗಿಸುವುದು ರಾಜ್ಯದ ಕರ್ತವ್ಯ. ಅಚ್ಚಿನ ತಪ್ಪು, ಸ್ಪಷ್ಟವಾದ ಪ್ರಮಾದಗಳನ್ನು ರಾಜ್ಯ ತಿದ್ದಿಸಬಹುದು, ಆದರೆ ಲೇಖಕನ ವಿಚಾರದ ಒಳಹೊಕ್ಕು ತೀರ್ಪು ಕೊಡಲಾಗದು ಎಂಬುದು ಅದರ ಸಾರ.

ಸರ್ಕಾರದ ಪಕ್ಷದಲ್ಲಿ ಹುರುಳಿರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಂತೆ ಬಾಲಕನು ಗುರುವಿನ ಮಾತನ್ನು ತೂಗಿನೋಡಲಾರನು. ಅವನಿಗೆ ಶಾಲೆಯನ್ನಾಗಲಿ ಗುರುವನ್ನಾಗಲಿ ಆರಿಸಿಕೊಳ್ಳುವ ಅವಕಾಶವೂ ಕಡಮೆ. ಆದುದರಿಂದ ಲೇಖಕನೊಬ್ಬನ ಒಲವು ಎಳೆಯ ಮನಸ್ಸಿನ ಮೇಲೆ ಹೇರಲ್ಪಡದಂತೆ, ದೇಶಕ್ಕೆಲ್ಲ ಒಂದೇ ಮಟ್ಟವಿರುವಂತೆ ರಾಜ್ಯ ನೋಡಿಕೊಳ್ಳಬೇಕು ಎಂಬುದು ಅದರ ವಾದ. ಮೇಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಇದನ್ನು ಒಪ್ಪಿದುವು. ಎರಡನೆಯ ದಾವೆ 1982ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಹಿಂದಕ್ಕೆ ಬಂದು 1989ರಲ್ಲಿ ವಜಾ ಆಯಿತು. ಮೊದಲನೆಯದರಲ್ಲಿ 1993ರಲ್ಲಿ ಇಯೆನಾಗ ಅಂತಿಮವಾಗಿ ಸೋತರು. ಪರಿಶೀಲನಾ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ನಿರ್ಣಯವಾಯಿತು.

ಈ ನಡುವೆ 1984ರಲ್ಲಿ, ಎಪ್ಪತ್ತರ ಗಡಿ ದಾಟಿದ್ದ ಇಯೆನಾಗ ಮೂರನೆಯ ದಾವೆ ಹೂಡಿದ್ದರು. ನಾಂಕಿಂಗ್ ನಗರದ ಹತ್ಯಾಕಾಂಡ, ಚೀನೀ ಸ್ತ್ರೀಯರ ಮೇಲಿನ ಅತ್ಯಾಚಾರ, ಓಕಿನಾವದ ಕದನ, ಮಂಚೂರಿಯದಲ್ಲಿ ಸೆರೆಯಾಳುಗಳ ಮೇಲೆ ಪ್ರಯೋಗ ನಡೆಸಿ ಕೊಂದ 731ನೆಯ ಘಟಕ ಮೊದಲಾದ ವಿಷಯಗಳ ನಿರೂಪಣೆಯಲ್ಲಿ ಸಚಿವಾಲಯದ ಹಸ್ತಕ್ಷೇಪವನ್ನು ಅದರಲ್ಲಿ ಪ್ರಶ್ನಿಸಲಾಗಿದ್ದಿತು. 731ನೆಯ ಘಟಕದ ವಿಚಾರದಲ್ಲಿ, ನಂಬತಕ್ಕ ಸಂಶೋಧನೆ ಇನ್ನೂ ಬಂದಿಲ್ಲವಾದ ಕಾರಣ ಆ ಪ್ರಸ್ತಾಪವನ್ನೇ ಬಿಡಬೇಕೆಂದು ಪರಿಶೀಲಕರು ಸೂಚಿಸಿದ್ದರು. ಸಂಗತಿಯ ಹೆಸರಿನಲ್ಲಿಯೇ ಸಂಗತಿಯನ್ನು ಅಳಿಸುವ ಉಪಾಯವಿದು. 1997ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯವು, ಪದ್ಧತಿಯನ್ನು ಎತ್ತಿಹಿಡಿದರೂ ಈ ಅಳಿಸುವಿಕೆ ಕಾನೂನುಬಾಹಿರವೆಂದು ಸಾರಿತು. ಕೆಳಗಿನ ತೀರ್ಪುಗಳನ್ನೂ ಸೇರಿಸಿ ನಾಲ್ಕು ಕಡೆ ಸರ್ಕಾರ ಮೇರೆ ಮೀರಿತ್ತೆಂದು ಸಿದ್ಧವಾಯಿತು. ದೊರೆತ ಪರಿಹಾರ 4 ಲಕ್ಷ ಯೆನ್.

ಇಯೆನಾಗ ಅವರಿಗೂ ಒಂದು ದೃಷ್ಟಿಕೋನವಿರಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಇದ್ದಿತು. ‘ಅವಿವೇಕದ ಯುದ್ಧ’ ಎಂಬುದು ಸಂಗತಿಯಲ್ಲ, ತೀರ್ಮಾನ. ದೃಷ್ಟಿಯಿಲ್ಲದ ಇತಿಹಾಸವನ್ನು ಯಾರೂ ಬರೆದಿಲ್ಲ. ನೂರು ಸಂಗತಿಗಳಲ್ಲಿ ಹತ್ತನ್ನು ಆರಿಸಿದೊಡನೆಯೇ ದೃಷ್ಟಿ ಒಳಬಂದಿರುತ್ತದೆ. ಆದರೆ ಎರಡು ಬಗೆಯ ದೃಷ್ಟಿಗಳಿಗೆ ಅಂತರವಿದೆ. ಆಧಾರಗಳನ್ನು ಎದುರಿಗಿಟ್ಟು ಹೇಳಿದ ತೀರ್ಮಾನವನ್ನು ವಿದ್ಯಾರ್ಥಿಯು ಅದೇ ಆಧಾರಗಳಿಂದ ಪರೀಕ್ಷಿಸಿ ನಾಳೆ ತಿರಸ್ಕರಿಸಬಲ್ಲನು. ಅಳಿಸಿಹಾಕಿದ ಸಂಗತಿಯನ್ನು ಪರೀಕ್ಷಿಸುವ ಬಗೆಯೇ ಇಲ್ಲ. ಅಂಥದೊಂದು ಇದ್ದಿತೆಂಬುದೇ ಅವನಿಗೆ ತಿಳಿಯದು. ಮೊದಲನೆಯದು ವಾದ, ಎರಡನೆಯದು ಅಪ್ಪಣೆ. ಶಾಲೆಯಲ್ಲಿ ವಾದಕ್ಕೆ ಎಡೆಯಿರಬೇಕು, ಅಪ್ಪಣೆಗೆ ಇರಬಾರದು. ಎಳೆಯ ಮಗುವು ತೂಗಿನೋಡಲಾರದೆಂಬ ಮಾತು ನಿಜವಾದರೆ, ತೂಗುವುದನ್ನು ಕಲಿಸುವುದೇ ಅದಕ್ಕೆ ಪರಿಹಾರವಲ್ಲದೆ ತಕ್ಕಡಿಯನ್ನೇ ಬಚ್ಚಿಡುವುದಲ್ಲ.

ಇಯೆನಾಗ ಸಬುರೊ 2002ರ ನವೆಂಬರಿನಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪರಿಶೀಲನಾ ಪದ್ಧತಿಯನ್ನು ತೆಗೆದುಹಾಕಲು ಅವರಿಂದ ಆಗಲಿಲ್ಲ. ಆದರೆ ಅವರ ವ್ಯಾಜ್ಯಗಳ ದೆಸೆಯಿಂದ, ಸಚಿವಾಲಯದ ಕೋಣೆಯೊಳಗೆ ನಡೆಯುತ್ತಿದ್ದ ತಿದ್ದುಪಡಿಗಳು ಬೆಳಕಿಗೆ ಬಂದು, ಯಾವ ಸಾಲನ್ನು ಯಾರು ಏಕೆ ಅಳಿಸಿದರೆಂದು ಉಪಾಧ್ಯಾಯರೂ ತಂದೆತಾಯಿಗಳೂ ಕೇಳುವಂತಾಯಿತು. 1945ರಲ್ಲಿ ಕುಂಚ ಹಿಡಿದು ಕುಳಿತ ಮಕ್ಕಳಿಗೆ ಆ ಪ್ರಶ್ನೆಯನ್ನು ಕೇಳುವ ಅವಕಾಶ ಇರಲಿಲ್ಲ.